ಕೋತಿ ಜಾರುವ ಮರದ ಕೆಂಪು

ಮೊನ್ನೆ ರಾತ್ರಿ ಒಂದೇ ಸಮನೆ ಮಳೆ ಹೊಡೆಯಿತು. ಬೆಳಗ್ಗೆ ಬಾಗಿಲು ತೆರೆದರೆ ಅಂಗಳದ ಒಂದು ಮಗ್ಗುಲು ಕುಂಕುಮ ಚೆಲ್ಲಿದ ಹಾಗೆ ಕೆಂಪಾಗಿತ್ತು. ಬಾಗಿ ಒಂದು ಎಸಳು ಎತ್ತಿಕೊಂಡೆ. ದಾರದಷ್ಟು ತೆಳುವಾದ ಒಂದು ತೊಟ್ಟು, ಅದರ ತುದಿಗೆ ಮಗು ಮುಷ್ಟಿಯಲ್ಲಿ ಮುದುಡಿಟ್ಟುಕೊಂಡಿದ್ದ ಕರವಸ್ತ್ರದಂತೆ ನೆರಿಗೆಗಟ್ಟಿದ ಎಸಳು. ಬೆರಳಿಂದ ಎಷ್ಟು ಸವರಿದರೂ ಅದರ ಸುಕ್ಕು ಹೋಗುವುದಿಲ್ಲ. ಒಂದೊಂದು ಹೂವಿಗೂ ಇಂಥ ಆರು ಎಸಳು, ಒಂದೊಂದು ಗೊಂಚಲಿಗೂ ಇಂಥ ಹತ್ತಾರು ಹೂವು. ಕ್ರೇಪ್ ಮಿರ್ಟಲ್ ಎಂಬ ಈ ಗಿಡಕ್ಕೆ ಹೆಸರಿನ ಮೊದಲರ್ಧ ಬಂದದ್ದು ಈ ಸುಕ್ಕಿನಿಂದಲೇ. ಮೈಸೂರಿನ ಕ್ರೇಪ್ ರೇಷ್ಮೆ ಸೀರೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಕ್ರೇಪ್ ಎಂದರೇನೆಂದು ವಿವರಿಸಬೇಕಿಲ್ಲ.

ಹೆಸರಿನ ಎರಡನೆಯ ಅರ್ಧಕ್ಕೆ ಮಾತ್ರ ಆಧಾರವಿಲ್ಲ. ಮಿರ್ಟಲ್ ಎಂಬುದು ನೇರಳೆ, ಸೀಬೆಗಳ ಕುಟುಂಬದ ಗಿಡ. ನಮ್ಮ ಈ ಕೆಂಪು ಹೂವಿನ ಗಿಡದ ನೆಂಟರು ಬೇರೆಯವರು, ಅವರೆಲ್ಲ ನಮಗೆ ಗೊತ್ತಿರುವವರೇ. ಕೈಗೆ ಹಚ್ಚುವ ಮದರಂಗಿ ಇದರ ಕುಟುಂಬದ್ದು, ದಾಳಿಂಬೆಯೂ ಇದೇ ಕುಟುಂಬದ್ದು. ಈ ಸಲ ದಾಳಿಂಬೆ ಹೂವು ಅರಳಿದಾಗ ಅದರ ಎಸಳನ್ನು ಹತ್ತಿರದಿಂದ ನೋಡಿ, ಅದೇ ಸುಕ್ಕು ಅಲ್ಲೂ ಇದೆ. ಇನ್ನೂ ಹತ್ತಿರದ ಒಡಹುಟ್ಟುಗಳೆಂದರೆ ಬೆಂಗಳೂರಿನ ಬೀದಿಗಳಲ್ಲಿ ಬೇಸಿಗೆಗೆ ನೇರಳೆ ಬಣ್ಣ ತರುವ ಹೊಳೆದಾಸವಾಳ ಮತ್ತು ಸಹ್ಯಾದ್ರಿಯ ಕಾಡಿನಲ್ಲಿ ನಯವಾದ ಬಿಳಿ ಕಾಂಡ ಹೊತ್ತು ನೆಟ್ಟಗೆ ನಿಲ್ಲುವ ನಂದಿ ಮರ. ಈ ಮೂರೂ ಲ್ಯಾಗರ್‌ಸ್ಟ್ರೋಮಿಯಾಗಳು. ನರ್ಸರಿಗಳಲ್ಲಿ ಗಿಡ ಕೇಳುವಾಗ ಈ ಹೆಸರು ನೆನಪಿಟ್ಟುಕೊಂಡಿದ್ದರೆ ಅನುಕೂಲ. ಸ್ವೀಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕನಾಗಿದ್ದ ಮ್ಯಾಗ್ನಸ್ ಲ್ಯಾಗರ್‌ಸ್ಟ್ರೋಮ್ ಪೂರ್ವ ದೇಶಗಳಿಂದ ಬಂದ ಗಿಡಗಳ ಮಾದರಿಗಳನ್ನು ತನ್ನ ಸ್ನೇಹಿತ ಲಿನೇಯಸ್‌ಗೆ ಒದಗಿಸುತ್ತಿದ್ದ. ಆ ಋಣಕ್ಕೆ ಲಿನೇಯಸ್ 1759ರಲ್ಲಿ ಈ ಗಿಡಕ್ಕೆ ಅವನ ಹೆಸರಿಟ್ಟ. ಲ್ಯಾಗರ್‌ಸ್ಟ್ರೋಮ್ ತೀರಿಕೊಂಡದ್ದೂ ಅದೇ ವರ್ಷ.

ವೈಜ್ಞಾನಿಕ ಹೆಸರಿನ ಜೊತೆ 'ಇಂಡಿಕಾ' ಎಂದಿದ್ದರೂ ಇದನ್ನು ಮುದ್ದಿನಿಂದ ಸಾಕಿದವರು ಚೀನೀಯರು. ಅವರ ಭಾಷೆಯಲ್ಲಿ ಇದು ಝಿವೇ. ತಾಂಗ್ ದೊರೆ ಶುವಾನ್‌ಝೊಂಗ್ 713ರಲ್ಲಿ ತನ್ನ ರಾಜ್ಯದ ಮುಖ್ಯ ಸಚಿವಾಲಯಕ್ಕೆ ಇದೇ ಹೆಸರು ಕೊಟ್ಟ. ಅಲ್ಲಿ ಅಧಿಕಾರಿಯಾಗಿದ್ದ ಕವಿ ಬೈ ಜೂಯಿ ಈ ಹೂವಿನ ಮೇಲೆ ಪದ್ಯ ಬರೆದಿದ್ದಾನೆ. ಇದಕ್ಕೆ 'ನೂರು ದಿನದ ಕೆಂಪು' ಎಂಬ ಇನ್ನೊಂದು ಹೆಸರೂ ಉಂಟು. ಜಪಾನೀಯರು ನೋಡಿದ್ದು ಹೂವನ್ನಲ್ಲ, ಕಾಂಡವನ್ನು. ತೊಗಟೆ ಸುಲಿದು ಸೀಬೆಯ ಕಾಂಡದಂತೆ ನುಣುಪಾಗುವ ಈ ಮರವನ್ನು ಅವರು 'ಸರುಸುಬೆರಿ' ಎಂದು ಕರೆದರು. ಕೋತಿಯೂ ಜಾರುವ ಮರ ಎಂದು ಅದರ ಅರ್ಥ. ಹೂವಿಗೊಂದು, ಕಾಂಡಕ್ಕೊಂದು ಹೆಸರು ಬಂತಲ್ಲ, ಈ ಗಿಡ ಬೆಳೆಸುವವರು ಮರೆಯಬಾರದ ಸಂಗತಿ ಅದೇ. ಅದಕ್ಕೆ ಆಮೇಲೆ ಬರುತ್ತೇನೆ.

ಕೆಂಪಿನ ಕಥೆ ಹೆಚ್ಚಾಗಿ ನಡೆದದ್ದು ಅಮೆರಿಕದಲ್ಲಿ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಸುತ್ತಿನ ತೋಟಗಳಿಗೆ ಬಂದ ಗಿಡ ಅಲ್ಲಿನ ಸೆಕೆಗೆ ಹೊಂದಿಕೊಂಡು ಊರೂರಿಗೆ ಹಬ್ಬಿತು. ಟೆಕ್ಸಸ್ 1997ರಲ್ಲಿ ಇದನ್ನು ತನ್ನ ರಾಜ್ಯದ ಪೊದೆಗಿಡ ಎಂದೇ ಘೋಷಿಸಿತು. ಆದರೆ ಹಳೆಯ ತಳಿಗಳಿಗೆ ಬೂದಿ ರೋಗದ ಕಾಟ ತಪ್ಪಿರಲಿಲ್ಲ. 1956ರಲ್ಲಿ ಜಾನ್ ಕ್ರೀಚ್ ಜಪಾನಿನ ಯಾಕುಶಿಮಾ ದ್ವೀಪದಿಂದ ಇದರ ಬಿಳಿ ಹೂವಿನ ಸೋದರ ಜಾತಿಯೊಂದರ ಬೀಜ ತಂದರು. ಅದಕ್ಕೆ ಬೂದಿ ರೋಗ ತಡೆಯುವ ಶಕ್ತಿ ಇತ್ತು. ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಡೊನಾಲ್ಡ್ ಇಗಾಲ್ಫ್ ಅದನ್ನು ಹಳೆಯ ಗಿಡದೊಂದಿಗೆ ಸಂಕರಿಸಿ ಹೊಸ ತಳಿಗಳನ್ನು ಹೊರತಂದು, ಅವಕ್ಕೆ ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಹೆಸರಿಟ್ಟರು. ರೋಗವೇನೋ ಹಿಂದೆ ಸರಿಯಿತು, ಆದರೆ ಆ ಮೊದಲ ತಳಿಗಳ ಹೂವು ಬಹುಪಾಲು ಬಿಳಿ, ನಸುಗೆಂಪು, ನೇರಳೆ. ಅಪ್ಪಟ ಕೆಂಪು ಕೈಗೆ ಸಿಗಲು ಇನ್ನೂ ಕಾಯಬೇಕಾಯಿತು. ಒಕ್ಲಹೋಮಾದ ಕಾರ್ಲ್ ವಿಟ್‌ಕಂಬ್ ರಾಶಿ ರಾಶಿ ಬೀಜದ ಸಸಿಗಳನ್ನು ಬೆಳೆಸಿ, ಆರಿಸಿ, ಉಳಿದದ್ದನ್ನು ಬಿಸಾಡಿ, ಮತ್ತೆ ಬೆಳೆಸಿ ಡೈನಮೈಟ್, ರೆಡ್ ರಾಕೆಟ್ ಎಂಬ ಕಡುಗೆಂಪು ತಳಿಗಳನ್ನು 1990ರ ದಶಕದಲ್ಲಿ ಕೊಟ್ಟರು. ಬೀಜ ಬಿತ್ತಿದರೆ ತಾಯಿಯ ಬಣ್ಣವೇ ಬರುತ್ತದೆಂಬ ಭರವಸೆ ಈ ಗಿಡದಲ್ಲಿ ಇಲ್ಲ. ಆದ್ದರಿಂದ ಕೆಂಪು ಬೇಕಾದವರು ಕಡ್ಡಿಯನ್ನೇ ನೆಡಬೇಕು ಅಥವಾ ಗೂಟಿ ಕಟ್ಟಬೇಕು.

ಡೈನಮೈಟ್ ತಳಿಯ ಬಗ್ಗೆ ಬೆಳೆಗಾರರು ಹೇಳುವ ಒಂದು ಮಾತು ನನಗೆ ಬಹಳ ಮುಖ್ಯವಾಗಿ ಕಂಡಿದೆ. ಮೋಡ ಕವಿದ ದಿನಗಳಲ್ಲಿ ಅರಳಿದ ಹೂವಿನ ಕೆಂಪಿನಲ್ಲಿ ಬಿಳಿ ಮಚ್ಚೆ ಕಾಣುತ್ತದಂತೆ. ಬಿಸಿಲಿಗೂ ಈ ಕೆಂಪಿಗೂ ಇರುವ ನಂಟು ಅಷ್ಟು ಗಾಢ. ನಮ್ಮ ಗಿಡವನ್ನು ನಾನು ಮೊದಲು ನೆಟ್ಟದ್ದು ಹೊಂಗೆಯ ನೆರಳಿನಲ್ಲಿ. ಎಳೆ ಗಿಡ ಬಾಡೀತೆಂಬ ಕನಿಕರ. ಮೂರು ವರ್ಷ ಅದು ಬೆಳಕು ಹುಡುಕಿಕೊಂಡು ಉದ್ದಕ್ಕೆ ಸೊರಗಿ ಬೆಳೆಯಿತು. ಮಳೆಗಾಲ ಬಂದರೆ ಎಲೆಯ ಮೇಲೆ ಹಿಟ್ಟು ಚಿಮುಕಿಸಿದ ಹಾಗೆ ಬೂದಿ ರೋಗ, ಹೂವು ಬೆರಳೆಣಿಕೆಗೆ. ನಾಲ್ಕನೆಯ ವರ್ಷ ಜನವರಿಯಲ್ಲಿ, ಎಲೆ ಉದುರಿ ಬರಿ ಕಡ್ಡಿಯಾಗಿದ್ದಾಗ, ಬುಡದ ಮಣ್ಣಿನ ಹೆಂಟೆ ಒಡೆಯದಂತೆ ಅಗೆದು ದಕ್ಷಿಣದ ಗೋಡೆಯ ಬಳಿ ಬಯಲಿಗೆ ತಂದು ನೆಟ್ಟೆವು. ಈಗ ಅದಕ್ಕೆ ದಿನಕ್ಕೆ ಆರು ಗಂಟೆಗೆ ಕಡಿಮೆಯಿಲ್ಲದ ಬಿಸಿಲು. ಔಷಧಿ ಹೊಡೆಯದೆಯೇ ಬೂದಿ ರೋಗ ಬಿಟ್ಟುಹೋಯಿತು, ಗೊಂಚಲು ತಾನಾಗಿ ಬಂತು.

ಉಳಿದ ಆರೈಕೆ ಸುಲಭ. ಕೆಂಪು ಮಣ್ಣು ಒಗ್ಗುತ್ತದೆ, ಬುಡದಲ್ಲಿ ನೀರು ಮಾತ್ರ ನಿಲ್ಲಬಾರದು. ವರ್ಷಕ್ಕೊಮ್ಮೆ ಕೊಟ್ಟಿಗೆ ಗೊಬ್ಬರ ಸಾಕು, ಯೂರಿಯಾ ಸುರಿದರೆ ಎಲೆ ಸೊಕ್ಕುತ್ತದೆ, ಹೂವು ಹಿಂದೆ ಬೀಳುತ್ತದೆ. ಎಳೆ ಚಿಗುರಿಗೆ ಹೇನು ಕೂತು ಅಂಟು ಒಸರಿಸಿ, ಆ ಅಂಟಿನ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಹಬ್ಬಿದರೆ ಪೈಪಿನಿಂದ ರಭಸವಾಗಿ ನೀರು ಹೊಡೆಯಿರಿ. ಹೋಗದಿದ್ದರೆ ಬೇವಿನ ಎಣ್ಣೆ.

ನನ್ನ ತಕರಾರು ಇರುವುದು ಕತ್ತರಿಯ ಬಗ್ಗೆ. ಈ ಗಿಡ ಹೂ ಬಿಡುವುದು ಆ ವರ್ಷದ ಹೊಸ ಚಿಗುರಿನಲ್ಲಿ, ಹಾಗಾಗಿ ಸವರಿದಷ್ಟೂ ಹೂವು ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಪ್ರತಿ ವರ್ಷ ಎದೆಮಟ್ಟಕ್ಕೆ ಮೊಂಡು ಕಡಿದುಬಿಡುತ್ತಾರೆ. ಕಡಿದ ಜಾಗದಲ್ಲಿ ವರ್ಷದಿಂದ ವರ್ಷಕ್ಕೆ ಗಂಟು ಬೆಳೆದು ಮುಷ್ಟಿಯಾಗುತ್ತದೆ. ಅಲ್ಲಿಂದ ಹುಲ್ಲುಕಡ್ಡಿಯಂಥ ಚಿಗುರುಗಳು ಒತ್ತೊತ್ತಾಗಿ ಎದ್ದು, ಮಳೆಯಲ್ಲಿ ತೋಯ್ದ ಗೊಂಚಲಿನ ಭಾರ ತಾಳದೆ ನೆಲಕ್ಕೆ ಬಾಗುತ್ತವೆ. ಅಮೆರಿಕದ ತೋಟಗಾರರು ಈ ಕೆಲಸವನ್ನು ಕೊಲೆ ಎಂದೇ ಕರೆಯುತ್ತಾರೆ. ಅದು ಅತಿಶಯೋಕ್ತಿಯೆಂದು ನನಗೆ ಅನ್ನಿಸಿಲ್ಲ. ಇಡೀ ಜಪಾನ್ ಮೆಚ್ಚಿ ಹೆಸರಿಟ್ಟ ಆ ನುಣುಪು ಕಾಂಡ, ಬೂದು, ಕಂದು, ಕೆನೆಯ ಬಣ್ಣಗಳ ಆ ತೇಪೆಗಳು ಮೂಡಬೇಕಾದರೆ ಕಾಂಡಕ್ಕೆ ವಯಸ್ಸಾಗಬೇಕು. ಚಳಿಗಾಲ ಮುಗಿಯುತ್ತಿದ್ದಂತೆ ಒಣಗಿದ ಕಡ್ಡಿ, ಒಳಗೆ ಒಂದಕ್ಕೊಂದು ಉಜ್ಜುವ ಕೊಂಬೆ, ಬುಡದಿಂದ ಎದ್ದ ಚಿಗುರು ಇಷ್ಟನ್ನು ತೆಗೆಯಿರಿ. ಪೆನ್ಸಿಲ್‌ಗಿಂತ ದಪ್ಪನೆಯ ಕೊಂಬೆಗೆ ಸುಮ್ಮಸುಮ್ಮನೆ ಕತ್ತರಿ ಹಾಕಬೇಡಿ. ಬಾಡಿದ ಗೊಂಚಲನ್ನು ಬೀಜ ಕಟ್ಟುವ ಮೊದಲೇ ಚಿವುಟಿದರೆ ಇನ್ನೊಂದು ಸುತ್ತಿನ ಹೂವು ಸಿಗುತ್ತದೆ.

ಈ ಹೂವಿನಲ್ಲಿ ಮಕರಂದವಿಲ್ಲ. ಆದರೂ ಬೆಳಗ್ಗೆ ಏಳಕ್ಕೆಲ್ಲ ಜೇನುನೊಣ ತುಂಬಿರುತ್ತವೆ, ಪರಾಗಕ್ಕಾಗಿ. ಹೂವಿನ ನಡುವೆ ಗಿಡ್ಡ ಕೇಸರಗಳ ಹಳದಿ ಕುಚ್ಚು ಕಾಣುತ್ತದೆ. ಅದರ ಸುತ್ತ ಉದ್ದನೆಯ ಕೆಲವು ಕೇಸರಗಳು ಒಳಕ್ಕೆ ಬಾಗಿರುತ್ತವೆ. ನೊಣ ಹಳದಿಗೆ ಮರುಳಾಗಿ ನಡುವೆ ಕೂತು ಉಣ್ಣುವಾಗ ಉದ್ದನೆಯವು ಅದರ ಬೆನ್ನಿಗೆ ಪರಾಗ ಸವರುತ್ತವೆ. ಡಾರ್ವಿನ್ ತನ್ನ ಗಾಜಿನ ಮನೆಯಲ್ಲಿ ಈ ಗಿಡ ಇಟ್ಟುಕೊಂಡಿದ್ದ. ಗಿಡ್ಡ ಕೇಸರದ ಪರಾಗ ಹಳದಿ, ಉದ್ದ ಕೇಸರದ್ದು ಹಸಿರು ಎಂಬುದನ್ನು ಗುರುತಿಸಿ 1877ರ ತನ್ನ ಪುಸ್ತಕದಲ್ಲಿ ಬರೆದ. ಒಂದು ಭೂತಗನ್ನಡಿ ಇದ್ದರೆ ಸಾಕು, ಇದನ್ನು ನಿಮ್ಮ ಅಂಗಳದಲ್ಲೇ ಮಕ್ಕಳಿಗೆ ತೋರಿಸಬಹುದು.

ಬಹಳ ಎತ್ತರಕ್ಕೆ ಏರದ ಮರ ಇದು, 30x40 ಸೈಟಿನ ಮನೆಯ ಮುಂದೆಯೂ ಹಿಡಿಸುತ್ತದೆ. ಜಾಗ ಧಾರಾಳವಾಗಿದ್ದವರು ಜೊತೆಗೆ ಒಂದು ಹೊಳೆದಾಸವಾಳವನ್ನೂ ಹಾಕಲಿ. ಮಳೆ ಹಿಡಿದಿರುವ ಈ ದಿನಗಳು ಕಡ್ಡಿ ಬೇರು ಬಿಡಲು ಒಳ್ಳೆಯವು. ನಿಮ್ಮ ಬೀದಿಯಲ್ಲಿ ಕೆಂಪು ಹೂವಿನ ಗಿಡವಿದ್ದರೆ ಆ ಮನೆಯವರನ್ನು ಕೇಳಿ ಗೇಣುದ್ದದ ಮೂರು ಕಡ್ಡಿ ತನ್ನಿ. ಅದಕ್ಕೆ ಮೊದಲು ಒಂದು ದಿನ ಅಂಗಳದಲ್ಲಿ ನಿಂತು, ಬಿಸಿಲು ಎಲ್ಲಿ ಹೆಚ್ಚು ಹೊತ್ತು ಬೀಳುತ್ತದೆಂದು ನೋಡಿಟ್ಟುಕೊಳ್ಳಿ.