ಪ್ರವಾಸದ ಚೀಟಿಯಲ್ಲಿ ಮರೆತುಹೋದ ಒಂದು ಸಾಲು



ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನ ಚಿತ್ರವನ್ನು ನೀವು ಕ್ಯಾಲೆಂಡರಿನಲ್ಲೋ ಮೊಬೈಲಿನಲ್ಲೋ ನೋಡಿರಬಹುದು. 446 ಕಿ.ಮೀ. ಉದ್ದದ, ಒಂದೂವರೆ ಕಿ.ಮೀ.ಗೂ ಹೆಚ್ಚು ಆಳದ ಕೆಂಪು ಕಣಿವೆ ಅದು. ಕೊಲರಾಡೋ ನದಿ ಕೊರೆದ ಈ ಕಣಿವೆ 1919ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಷ್ಟು ದೂರ ಹೋಗುವ ಅನುಕೂಲ ನಮ್ಮಲ್ಲಿ ಎಷ್ಟು ಜನರಿಗಿದೆ? ಆದರೆ ಬಳ್ಳಾರಿಯಿಂದ ಸುಮಾರು 200 ಕಿ.ಮೀ. ದೂರದಲ್ಲಿ ಅದರ ಪುಟ್ಟ ತಂಗಿಯಂತಹ ಒಂದು ಕಣಿವೆಯಿದೆ. ಅದುವೇ ಕಡಪ ಜಿಲ್ಲೆಯ ಗಂಡಿಕೋಟ. ಎರ್ರಮಲ ಬೆಟ್ಟಗಳ ಕೆಂಪು ಬಂಡೆಗಳನ್ನು ಸೀಳಿಕೊಂಡು ಅಲ್ಲಿ ಪೆನ್ನಾ ನದಿ ಹರಿಯುತ್ತದೆ. ನಮ್ಮದೇ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ಉತ್ತರ ಪಿನಾಕಿನಿಯೇ ಅಲ್ಲಿ ಪೆನ್ನಾ.

ಕೆಲವು ವರ್ಷಗಳ ಹಿಂದೆ ಮೇ ತಿಂಗಳ ರಜೆಯಲ್ಲಿ ನಾವು ಅಲ್ಲಿಗೆ ಹೊರಟೆವು. ಸಿರುಗುಪ್ಪದಿಂದ ನನ್ನ ಆಪಾ ಮಕ್ಕಳೊಂದಿಗೆ ಬಂದರು, ಕುರುಗೋಡಿನಿಂದ ಅಮ್ಮಿ ಬಂದರು. ಗಾಡಿ, ಡೀಸೆಲ್, ಬಿರಿಯಾನಿ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡಿದ್ದೆವು. ಕೋಟೆ ತಲುಪಿದಾಗ ಮಧ್ಯಾಹ್ನ ಹನ್ನೆರಡೂವರೆ. ಕಾದ ಬಂಡೆಗಳ ನಡುವೆ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಅಮ್ಮಿ ನನ್ನ ಕೈ ಬಿಟ್ಟು ಕುಸಿದರು. ಮುಖ ಬಿಳಿಚಿತ್ತು, ತುಟಿ ಒಣಗಿತ್ತು. ನೆರಳಿಗೆ ಕರೆದೊಯ್ದು ನೀರು ಚಿಮುಕಿಸಿ ಗಾಳಿ ಬೀಸಿದೆವು. ಕಣ್ಣು ತೆರೆದ ಮೇಲೆ ವಿಚಾರಿಸಿದರೆ, ಬೆಳಗಿನಿಂದ ಅವರು ಒಂದು ಗುಟುಕು ನೀರೂ ಕುಡಿದಿರಲಿಲ್ಲ. "ಯಾಕಮ್ಮಿ?" ಎಂದೆ. "ನೀರು ಕುಡಿದರೆ ಗಾಡಿ ನಿಲ್ಲಿಸು ಅನ್ನಬೇಕಾಗುತ್ತದೆ. ಗಂಡಸರ ಮುಂದೆ ಹೇಗೆ ಹೇಳಲಿ ಬೇಟಿ?" ಎಂದರು.

ಅಲ್ಲಾಹನ ಕೃಪೆಯಿಂದ ಅಮ್ಮಿ ಅಂದೇ ಚೇತರಿಸಿಕೊಂಡರು. ಆದರೆ ಆ ಮಾತು ನನ್ನನ್ನು ಬಿಟ್ಟಿಲ್ಲ. ನಿಜ ಹೇಳಿ, ನಿಮ್ಮ ಮನೆಯಲ್ಲೂ ಪ್ರಯಾಣದ ದಿನ ಬಾಯಾರಿಕೆ ನುಂಗಿಕೊಳ್ಳುವವರು ಇಲ್ಲವೇ? ನೀವೇ ಅವರಲ್ಲವೇ?

ಆದ್ದರಿಂದ ಗಂಡಿಕೋಟದ ಯೋಜನೆಯನ್ನು ಹೆಂಗಸರೇ ಕುಳಿತು ಹೀಗೆ ಹಾಕಿಕೊಳ್ಳಿ.

ಮೊದಲನೆಯದು ಕಾಲ. ಬೇಸಿಗೆಯಲ್ಲಿ ಆ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ನವೆಂಬರ್‌ನಿಂದ ಜನವರಿ ತನಕ ಒಳ್ಳೆಯ ಕಾಲ. ಮಕ್ಕಳಿಗೆ ರಜೆ ಬೇಕೆಂದು ಮೇ ತಿಂಗಳಿಗೆ ಕಾಯಬೇಡಿ, ಚಳಿಗಾಲದ ಒಂದು ಶನಿವಾರ–ಭಾನುವಾರ ಸಾಕು.

ಎರಡನೆಯದು ದಾರಿ. ಹಿಂದಿನ ರಾತ್ರಿಯೇ ಎಲ್ಲರೂ ಬಳ್ಳಾರಿಯಲ್ಲಿ ಸೇರಿ ಫಜ್ರ್ ನಮಾಝ್ ಮುಗಿಸಿ ಹೊರಡಿ. ಗುಂತಕಲ್, ಗುತ್ತಿ, ತಾಡಿಪತ್ರಿ ದಾಟಿ ಹೋಗಬೇಕು. ಈ ಮೂರು ಊರುಗಳಲ್ಲೂ ಗಾಡಿ ನಿಲ್ಲಲೇಬೇಕು ಎಂದು ಮೊದಲೇ ಚೀಟಿಯಲ್ಲಿ ಬರೆಯಿರಿ. ಬರೆದದ್ದನ್ನು ಯಾರೂ ಕೇಳಬೇಕಾಗಿಲ್ಲ, ನಾಚಬೇಕಾಗಿಯೂ ಇಲ್ಲ. ಗಾಡಿ ಓಡಿಸುವ ತಮ್ಮನಿಗೋ ಮಗನಿಗೋ ಕಾರಣವನ್ನು ನೇರವಾಗಿ ತಿಳಿಸಿ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಮೂರನೆಯದು ನೀರು. ಒಬ್ಬೊಬ್ಬರಿಗೂ ಹೆಸರು ಬರೆದ ಬಾಟಲಿ ಕೊಡಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದ ಪಾನಕವೂ ಜೊತೆಗಿರಲಿ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ವೈದ್ಯರನ್ನು ಕೇಳಿಯೇ ಅದನ್ನು ಕುಡಿಯಲಿ. ಬುತ್ತಿಗೆ ಬಿರಿಯಾನಿಗಿಂತ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಮೇಲು. ಬೇಗ ಹಳಸುವುದಿಲ್ಲ.

ನಾಲ್ಕನೆಯದು ತಂಗುವುದು. ಒಂದೇ ದಿನದಲ್ಲಿ ಹೋಗಿ ಬರುವ ಹಟ ಬೇಡ. ಗಂಡಿಕೋಟದಲ್ಲಿ ಆಂಧ್ರ ಪ್ರವಾಸೋದ್ಯಮ ನಿಗಮದ ಹೋಟೆಲ್ ಇದೆ. ಮುಂಗಡವಾಗಿ ಕೋಣೆ ಕಾದಿರಿಸಿ. ಮೊದಲ ದಿನ ದಾರಿಯಲ್ಲಿ ಬೇಲಂ ಗುಹೆಗಳನ್ನು ನೋಡಬಹುದು. 3,229 ಮೀಟರ್ ಉದ್ದದ ಈ ಸುಣ್ಣಕಲ್ಲಿನ ಗುಹೆಗಳಲ್ಲಿ ಸುಮಾರು ಒಂದೂವರೆ ಕಿ.ಮೀ. ಭಾಗ 2002ರಿಂದ ಜನರಿಗೆ ತೆರೆದಿದೆ. 1884ರಲ್ಲಿ ಇವನ್ನು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನಮ್ಮ ಬಳ್ಳಾರಿ ಪಕ್ಕದ ಬೆಟ್ಟಗಳಲ್ಲೂ ಶಿಲಾಯುಗದ ಕಲ್ಲಿನ ಆಯುಧಗಳನ್ನು ಕಂಡವರು. ಗುಹೆಯೊಳಗೆ ಸೆಕೆ ಹೆಚ್ಚು, ಮೆಟ್ಟಿಲುಗಳಿವೆ. ಮಂಡಿ ನೋವಿನವರನ್ನು ಒತ್ತಾಯಿಸಬೇಡಿ. ಅವರ ಜೊತೆ ಹೊರಗೆ ಒಬ್ಬರು ಕುಳಿತಿರಲಿ.

ಎರಡನೆಯ ದಿನ ಮುಂಜಾನೆ ಕಣಿವೆಯ ಅಂಚಿಗೆ ಹೋಗಿ. ಆ ಹೊತ್ತಿನಲ್ಲಿ ಬಂಡೆಗಳ ಮೇಲೆ ಬೀಳುವ ಬೆಳಕು ನೋಡಲು ಚೆಂದ, ಬಿಸಿಲೂ ಇಲ್ಲ. ಒಂದು ಎಚ್ಚರಿಕೆ: ಬಂಡೆಯ ಅಂಚಿನಲ್ಲಿ ನಿಂತು ಫೋಟೋ ತೆಗೆಯುವ ಹುಚ್ಚು ಬೇಡ. ಮಕ್ಕಳ ಕೈ ಬಿಡಬೇಡಿ. ಆಳ ತಿಳಿಯದ ನೀರಿಗೆ ಯಾರೂ ಇಳಿಯಬಾರದು.

ಆಮೇಲೆ ಕೋಟೆ ನೋಡಿ. ವಿಜಯನಗರದ ಕಾಲದಲ್ಲಿ ಪೆಮ್ಮಸಾನಿ ನಾಯಕರು ಆಳಿದ ಈ ಕೋಟೆ 17ನೇ ಶತಮಾನದ ನಡುವಿನಲ್ಲಿ ಗೋಲ್ಕೊಂಡದ ಮೀರ್ ಜುಮ್ಲಾನ ವಶವಾಯಿತು. ಫ್ರೆಂಚ್ ವ್ಯಾಪಾರಿ ತವೆರ್ನಿಯೇ 1652ರಲ್ಲಿ ಅವನನ್ನು ಭೇಟಿಯಾದದ್ದು ಇಲ್ಲಿಯೇ. ಜಾಮಿಯಾ ಮಸೀದಿ, ಅದರ ಬಳಿಯ ಉಗ್ರಾಣ, ಅಷ್ಟು ದೂರದಲ್ಲಿ ಮಾಧವರಾಯ ದೇವಾಲಯದ ಗೋಪುರ, ಎಲ್ಲವೂ ಒಂದೇ ಗೋಡೆಯೊಳಗಿವೆ. ಯಾರು ಯಾರನ್ನು ಸೋಲಿಸಿದರೆಂಬುದಷ್ಟೇ ಇತಿಹಾಸವಲ್ಲ. ಉಗ್ರಾಣದ ಎದುರು ನಿಂತು, ಇಷ್ಟು ಜನರಿಗೆ ಅನ್ನ, ನೀರು ಹೇಗೆ ಒದಗಿಸುತ್ತಿದ್ದರೆಂದು ಮಕ್ಕಳನ್ನು ಕೇಳಿ. ದೂರದ ಪ್ರಯಾಣವಾದ್ದರಿಂದ ಝುಹರ್, ಅಸರ್, ಇಶಾ ಎರಡೆರಡು ರಕಾತ್‌ಗಳಾಗುತ್ತವೆ. ಜಾನಮಾಝ್ ಮತ್ತು ವುಝೂವಿಗೆ ಬೇರೆ ನೀರು ಗಾಡಿಯಲ್ಲಿರಲಿ.

ಕಳೆದ ಚಳಿಗಾಲದಲ್ಲಿ ನಾವು ಮತ್ತೆ ಹೊರಟೆವು. ಅಮ್ಮಿ ಮೊದಲು ಬೇಡವೆಂದರು. ನಾವು ಬರೆದ ಚೀಟಿಯನ್ನು ಅವರಿಗೆ ಓದಿ ಹೇಳಿದೆ. ಗುಂತಕಲ್‌ನಲ್ಲಿ ನಿಲುಗಡೆ, ಗುತ್ತಿಯಲ್ಲಿ ನಿಲುಗಡೆ, ತಾಡಿಪತ್ರಿಯಲ್ಲಿ ನಿಲುಗಡೆ. ಅಮ್ಮಿ ನಕ್ಕು ಬುರ್ಖಾ ತೆಗೆದುಕೊಂಡರು. ಮರುದಿನ ಮುಂಜಾನೆ ಕಣಿವೆಯನ್ನು ಬಹಳ ಹೊತ್ತು ನೋಡುತ್ತಾ ಕುಳಿತ ಅವರು, ಸುಬ್‌ಹಾನಲ್ಲಾಹ್ ಎಂದು ಹೇಳಿ, ತಾವಾಗಿಯೇ ಬಾಟಲಿ ಕೇಳಿ ನೀರು ಕುಡಿದರು.

ಸಹೋದರಿಯರೇ, ಮುಂದಿನ ಬಾರಿ ನೀವು ಎಲ್ಲಿಗೇ ಹೊರಟರೂ ಚೀಟಿಯಲ್ಲಿ ಈ ಒಂದು ಸಾಲನ್ನು ಮೊದಲು ಬರೆಯಿರಿ: ನಮ್ಮ ಮನೆಯ ಹಿರಿಯ ಹೆಂಗಸು ಎಲ್ಲೆಲ್ಲಿ ಇಳಿಯುತ್ತಾರೆ? ಉಳಿದದ್ದು ತಾನಾಗಿ ಸರಿಹೋಗುತ್ತದೆ.