ಫಾರಿನ್ ಚಾಕು ಅಂದ್ರೆ ಎಲ್ಲಾ ಚೂಪೇ?

'ಮೈದುನ ಫಾರಿನ್‌ನಿಂದ ತಂದಿದ್ದು' ಅಂತ ಯಾರಾದರೂ ವ್ಯಾನಿಟಿ ಬ್ಯಾಗಿನಿಂದ ಪುಟ್ಟ ಮಡಚುವ ಚಾಕು ತೆಗೆದರೆ ಸಾಕು, ಅದು ಸೇಬು ಮುಟ್ಟುವ ಮೊದಲೇ ನಾವು 'ಆಹಾ' ಅಂದುಬಿಡ್ತೇವೆ. ಅದರ ಮೇಲೇ 'ಮೇಡ್ ಇನ್ ಚೈನಾ' ಅಂತ ಕಂಡರೆ ಮುಖ ಸಣ್ಣದಾಗುತ್ತದೆ. ದೇಶದ ಹೆಸರು ನೋಡಿ ಚಾಕು ಕೊಳ್ಳುವುದು ದುಡ್ಡಿಗೂ ದಂಡ, ಬೆರಳಿಗೂ ಅಪಾಯ ಅನ್ನೋದು ನನ್ನ ಅಭಿಪ್ರಾಯ.

ಎಲ್ಲರೂ ಹೊಗಳುವ ಸ್ವಿಸ್ ಆರ್ಮಿ ಚಾಕುವನ್ನೇ ನೋಡಿ. 1891ರಲ್ಲಿ ಸ್ವಿಸ್ ಸೈನಿಕರ ಕೈ ಸೇರಿದ ಮೊದಲ ಚಾಕುಗಳು ತಯಾರಾಗಿದ್ದು ಜರ್ಮನಿಯ ಸೋಲಿಂಗೆನ್‌ನಲ್ಲಿ! ಅಷ್ಟೊಂದು ಚಾಕು ಒಟ್ಟಿಗೆ ಮಾಡಿಕೊಡುವ ಕಾರ್ಖಾನೆ ಆಗ ಸ್ವಿಟ್ಜರ್‌ಲೆಂಡ್‌ನಲ್ಲಿ ಇರಲಿಲ್ಲ. ಆಮೇಲೆ ಆ ಕೆಲಸ ಕೈಗೆತ್ತಿಕೊಂಡ ಕಾರ್ಲ್ ಎಲ್ಸೆನರ್ ಅವರ ಕಂಪನಿಯೇ ಈಗಿನ ವಿಕ್ಟೋರಿನಾಕ್ಸ್. ಇನ್ನು ಅಮೆರಿಕದ ಸ್ಪೈಡರ್ಕೋ ಕಂಪನಿ ತನ್ನ ಚಾಕುಗಳನ್ನು ಅಮೆರಿಕ, ಜಪಾನ್, ತೈವಾನ್, ಇಟಲಿ, ಚೀನಾ ಎಲ್ಲಾ ಕಡೆ ಮಾಡಿಸುತ್ತದೆ. ಹಾಗಿದ್ದ ಮೇಲೆ ಅದನ್ನು ಯಾವ ದೇಶದ ಚಾಕು ಅಂತೀರಿ?

ನಿಜವಾಗಿ ವ್ಯತ್ಯಾಸ ಮಾಡುವುದು ಉಕ್ಕು ಮತ್ತು ಅದಕ್ಕೆ ಕೊಡುವ ಹದ. ಮೈಸೂರು ಪಾಕ್ ನೆನಪಿಸಿಕೊಳ್ಳಿ. ಅದೇ ಕಡ್ಲೆಹಿಟ್ಟು, ಅದೇ ತುಪ್ಪ, ಅದೇ ಸಕ್ಕರೆ. ಪಾಕ ತಪ್ಪಿದರೆ ಇಟ್ಟಿಗೆ. ಉಕ್ಕೂ ಹಾಗೇ. ಕೆಂಪಗೆ ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಬಿಸಿ ಮಾಡುವುದರಲ್ಲಿ ಎಡವಟ್ಟಾದರೆ ಎಷ್ಟು ದುಬಾರಿ ಉಕ್ಕಾದರೂ ವಾರದಲ್ಲಿ ಮೊಂಡು, ಇಲ್ಲವೇ ಬಾಯಿ ಚಕ್ಕೆ ಏಳುತ್ತದೆ. ಸ್ವಿಸ್ ಚಾಕುವಿನ ಉಕ್ಕು ಸ್ವಲ್ಪ ಮೃದು, ಮನೆಯಲ್ಲೇ ಸಾಣೆಕಲ್ಲಿಗೆ ಉಜ್ಜಿಕೊಳ್ಳಬಹುದು. ಗಡಸು ಉಕ್ಕಿನದು ಹೆಚ್ಚು ದಿನ ಚೂಪಾಗಿರುತ್ತದೆ, ಆದರೆ ಸಾಣೆ ಹಿಡಿಯೋಕೆ ಬೆವರು ಇಳಿಯಬೇಕು. ಫ್ರಾನ್ಸಿನ ಒಪಿನೆಲ್‌ನಲ್ಲಿ ಸ್ಟೇನ್‌ಲೆಸ್ ಅಲ್ಲದ ಕಾರ್ಬನ್ ಉಕ್ಕಿನದೂ ಸಿಗುತ್ತದೆ. ಅದರಲ್ಲಿ ನಿಂಬೆಹಣ್ಣು, ಮಾವಿನಕಾಯಿ ಹೆಚ್ಚಿದರೆ ಕಪ್ಪಾಗುತ್ತದೆ, ಒದ್ದೆ ಬಿಟ್ಟರೆ ತುಕ್ಕು. ಅದು ಫ್ರಾನ್ಸಿನ ತಪ್ಪಲ್ಲ, ಉಕ್ಕಿನ ಗುಣ.

ಹಾಗಂತ ಊರಿನ ಹೆಸರಿಗೆ ಬೆಲೆಯೇ ಇಲ್ಲ ಅಂತಲ್ಲ. 'ಸೋಲಿಂಗೆನ್' ಅಂತ ಚಾಕುವಿನ ಮೇಲೆ ಬರೆಯಬೇಕಾದರೆ ಅದರ ಮುಖ್ಯ ಕೆಲಸವೆಲ್ಲ ಆ ಪ್ರದೇಶದಲ್ಲೇ ಆಗಿರಬೇಕು ಅಂತ ಜರ್ಮನಿಯಲ್ಲಿ 1938ರಿಂದಲೂ ಕಾನೂನಿದೆ. ಅಂಥ ಹೆಸರನ್ನು ನಂಬಬಹುದು. ತಯಾರಕರ ಹೆಸರೇ ಇಲ್ಲದೆ ಬರೀ ದೇಶದ ಹೆಸರು ದೊಡ್ಡದಾಗಿ ಹೊಡೆದ ಫುಟ್‌ಪಾತ್ ಮಾಲನ್ನು ನಂಬೋದು ಹೇಗೆ?

ಅಂಗಡಿಯಲ್ಲಿ ನಾಚಿಕೆ ಬೇಡ, ಬಿಚ್ಚಿ ನೋಡಿ. ಅಲಗು ಅತ್ತಿತ್ತ ಅಲ್ಲಾಡಬಾರದು. ಮಡಚಿದಾಗ ಹಿಡಿಯ ನಡುವೆ ನೇರ ಕೂರಬೇಕು, ಪಕ್ಕಕ್ಕೆ ಉಜ್ಜಬಾರದು. ಲಾಕ್ ಇದ್ದರೆ, ಬೆರಳನ್ನು ಅಲಗಿನ ದಾರಿಯಲ್ಲಿಡದೆ ಅಲಗಿನ ಬೆನ್ನನ್ನು ಮೆಲ್ಲಗೆ ಒತ್ತಿ. ಮಡಚಿಕೊಂಡರೆ ಅಲ್ಲೇ ವಾಪಸ್ ಕೊಡಿ. ರೈಲಿನಲ್ಲಿ ಮಕ್ಕಳಿಗೆ ಹಣ್ಣು ಹೆಚ್ಚುವಾಗ ಅದು ಹಾಗೆ ಮಡಚಿಕೊಂಡರೆ ಬೆರಳಿಗೆ ಹೊಲಿಗೆಯೇ ಗತಿ. ಕೊನೆಗೆ 'ಯಾವ ಉಕ್ಕು?' ಅಂತ ಕೇಳಿ. ಅಂಗಡಿಯವರು ಉಕ್ಕಿನ ಹೆಸರು ಹೇಳಿದರೆ ಮಾತು ಮುಂದುವರಿಸಿ. 'ಫಾರಿನ್ ಸ್ಟೀಲ್ ಮೇಡಂ' ಅಂದರೆ ಪಕ್ಕದ ಅಂಗಡಿಗೆ ನಡೀರಿ.