ಸಂಜೆಯನ್ನು ಉಳಿಸಿಕೊಂಡರೆ ನಿದ್ರೆ

ಹಸಿವಾದವನು ಅನ್ನವನ್ನು ಹುಡುಕಿಕೊಂಡು ಹೋಗಬಹುದು, ಬಾಯಾರಿದವನು ನೀರನ್ನು ಹುಡುಕಿಕೊಂಡು ಹೋಗಬಹುದು. ನಿದ್ರೆಯನ್ನು ಮಾತ್ರ ಹುಡುಕಿಕೊಂಡು ಹೋಗಲು ಬರುವುದಿಲ್ಲ. ಅದು ತಾನಾಗಿ ಬರಬೇಕು. ಬರುವ ಅತಿಥಿಗೆ ಮನೆಯ ಬಾಗಿಲು ತೆರೆದಿಡುವುದಷ್ಟೇ ಮನುಷ್ಯನ ಕೈಯಲ್ಲಿರುವ ಕೆಲಸ. ಆ ಬಾಗಿಲಿನ ಹೆಸರೇ ಸಂಜೆ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಹಿರಿಯರು ಹೇಳಿದರು. ಮಾತು ನಿಜವೇ. ಆದರೆ ಅವರು ಕಂಡಿದ್ದ ಸಂತೆ ವಾರಕ್ಕೊಮ್ಮೆ ನೆರೆದು ಹೊತ್ತು ಮುಳುಗುವುದರೊಳಗೆ ಚದುರುತ್ತಿತ್ತು. ಬೆಂಗಳೂರಿನ ಪೂರ್ವದಂಚಿನ ಹೂಡಿಗೆ ಬಂದು ನೋಡಿ, ಇಲ್ಲಿಯ ಸಂತೆ ಚದುರುವುದೇ ಇಲ್ಲ. ಒಂದು ಕಾಲಕ್ಕೆ ದೀಪ ಹಚ್ಚುವ ಹೊತ್ತಿಗೆ ಸದ್ದಡಗುತ್ತಿದ್ದ ಹಳ್ಳಿ ಇದು. 1990ರ ದಶಕದ ಕೊನೆಯಲ್ಲಿ ಪಕ್ಕದಲ್ಲೇ ಐ.ಟಿ.ಪಿ.ಎಲ್. ತಲೆಯೆತ್ತಿತು, 2023ರ ಮಾರ್ಚಿನಲ್ಲಿ ತಲೆಯ ಮೇಲೆ ಮೆಟ್ರೋ ಓಡಿತು, ನಡುವಿನ ವರ್ಷಗಳಲ್ಲಿ ಊರಿನ ಗಡಿಯಾರವೇ ಬದಲಾಯಿತು. ಇಲ್ಲಿ ರಾತ್ರಿ 9 ಗಂಟೆಯಾದಾಗ, ಬೇಸಿಗೆಯ ಲೆಕ್ಕದಲ್ಲಿ, ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 11.30, ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 8.30. ಅಲ್ಲಿಯವರು ಕಾಫಿ ಕುಡಿದು ಕೆಲಸಕ್ಕೆ ಕೂರುವ ಹೊತ್ತಿಗೆ ಇಲ್ಲಿಯವರು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ತೆರೆಯುತ್ತಾರೆ. ಮೀಟಿಂಗ್ ಮುಗಿಯುವುದು 11ಕ್ಕೆ. ಆ ಮೇಲೆ ನಿದ್ರೆ ಬರಲಿಲ್ಲವೆಂದು ಮೊಬೈಲ್ ಹಿಡಿಯುತ್ತಾರೆ. ಹಗಲು ಇದೆ, ರಾತ್ರಿ ಇದೆ, ನಡುವಿನ ಸಂಜೆ ಎಲ್ಲಿ ಹೋಯಿತು?

ಸಜ್ಜನರೇ, ಇದು ಬರಿಯ ಹಳೆಯ ಕಾಲದ ಹಂಬಲದ ಮಾತಲ್ಲ. ದೇಹದೊಳಗೊಂದು ಗಡಿಯಾರವಿದೆ. ಹಣ್ಣಿನ ನೊಣದಲ್ಲಿ ಆ ಗಡಿಯಾರದ ಗುಟ್ಟು ಬಿಡಿಸಿದ ಹಾಲ್, ರೋಸ್‌ಬ್ಯಾಶ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕತ್ತಲಾಗುತ್ತ ಬಂದಂತೆ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ರಸ ಒಸರತೊಡಗುತ್ತದೆ, ಮೈಯ ಒಳಗಿನ ಬಿಸಿ ಮೆಲ್ಲಗೆ ಇಳಿಯುತ್ತದೆ. ಪ್ರಖರವಾದ ದೀಪ, ಅದರಲ್ಲೂ ನೀಲಿ ಛಾಯೆಯ ಬೆಳಕು, ಈ ರಸವನ್ನು ತಡೆಯುತ್ತದೆ. ಪರದೆಯ ಬೆಳಕಿಗಿಂತಲೂ ಪರದೆಯೊಳಗಿನ ಸುದ್ದಿ, ಜಗಳ, ಮೇಲಧಿಕಾರಿಯ ಸಂದೇಶಗಳೇ ಹೆಚ್ಚು ಕೆಡಿಸುತ್ತವೆ ಎಂಬುದು ನಮ್ಮ ಅಭಿಪ್ರಾಯ. ನಮ್ಮ ಮನೆಗಳಲ್ಲಿ ಸಂಜೆಯಾಗುತ್ತಲೇ ಕೈಕಾಲು ತೊಳೆದು, ದೀಪ ಹಚ್ಚಿ, ಸ್ವಲ್ಪ ಹೊತ್ತು ಸುಮ್ಮನೆ ಕೂರುವ ರೂಢಿಯಿತ್ತು. ಲಿಂಗಪೂಜೆಗೆ ಕುಳಿತವರಾಗಲಿ, ನಮಾಜಿಗೆ ನಿಂತವರಾಗಲಿ, ದೇವರನ್ನೇ ನಂಬದೆ ಜಗುಲಿಯ ಮೇಲೆ ಕುಳಿತವರಾಗಲಿ, ಹಗಲಿನ ಕೆಲಸ ಇಲ್ಲಿಗೆ ಮುಗಿಯಿತೆಂದು ದೇಹಕ್ಕೆ ತಿಳಿಸುವ ಗುರುತು ಅದು. ಉಗುರು ಬೆಚ್ಚಗಿನ ನೀರು ಕಾಲಿನ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ. ಅಜ್ಜಿಗೆ ಈ ವಿವರಣೆ ಗೊತ್ತಿರಲಿಲ್ಲ, ಕಾಲು ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ ಅಷ್ಟೇ.

ಕಾಫಿಯ ವಿಷಯದಲ್ಲಿ ನಮ್ಮವರಿಗೆ ಕೋಪ ಬರಬಹುದು. ಸಂಜೆ 5ಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ರಾತ್ರಿ 10ರಿಂದ 11ರವರೆಗೂ ರಕ್ತದಲ್ಲೇ ಇರುತ್ತದೆ. ಮಧ್ಯಾಹ್ನದ ಲೋಟವೇ ಕೊನೆಯದಾಗಲಿ. ಮದ್ಯ ನಿದ್ರೆಯನ್ನು ಬೇಗ ತಂದು ನಡುರಾತ್ರಿಯಲ್ಲಿ ಕಿತ್ತುಕೊಳ್ಳುತ್ತದೆ. ಕೊಟ್ಟಂತೆ ಮಾಡಿ ಕಸಿದುಕೊಳ್ಳುವ ಸಾಲಗಾರನ ಬುದ್ಧಿ ಅದರದು. ನಾಳೆಯ ಕೆಲಸಗಳು ತಲೆಯಲ್ಲಿ ಸುತ್ತುತ್ತಿದ್ದರೆ ಚೀಟಿಯಲ್ಲಿ ಬರೆದಿಡಿ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ ನೋಡಿದಾಗ, ಮಲಗುವ ಮುನ್ನ 5 ನಿಮಿಷ ಹೀಗೆ ಬರೆದವರು, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ರೆಗೆ ಜಾರಿದರು. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ರೆ ಕೈಕೊಟ್ಟರೆ, ಅಥವಾ ಗೊರಕೆಯ ನಡುವೆ ಉಸಿರು ಕಟ್ಟಿದಂತಾದರೆ, ಅದು ರೂಢಿಯಿಂದ ವಾಸಿಯಾಗುವ ಮಾತಲ್ಲ. ವೈದ್ಯರಲ್ಲಿಗೆ ಹೋಗಬೇಕು, ಅಂಗಡಿಯ ಮಾತ್ರೆಗಲ್ಲ.

ಇಷ್ಟೆಲ್ಲ ಹೇಳಿದರೂ ಮುಖ್ಯ ಮಾತು ಬಾಕಿಯಿದೆ. ಸಂಜೆಯನ್ನು ಒಬ್ಬರೇ ಮಾಡಿಕೊಳ್ಳಲು ಬರುವುದಿಲ್ಲ. ಮಗ ಮೊಬೈಲ್ ಬದಿಗಿಟ್ಟ, ತಂದೆ ಟಿ.ವಿ.ಯ ಚರ್ಚೆಯನ್ನು ಏರುದನಿಯಲ್ಲಿ ಹಾಕಿದ್ದಾರೆ, ಏನು ಬಂತು? ಮನೆಯವರೆಲ್ಲ ಬೇಗ ಮಲಗಿದರು, ಗೃಹಿಣಿ ಮಾತ್ರ ಪಾತ್ರೆ ತೊಳೆದು, ಬೆಳಗಿನ ಇಡ್ಲಿಗೆ ರುಬ್ಬಿಟ್ಟು, 12ಕ್ಕೆ ಹಾಸಿಗೆ ಸೇರಿ 5ಕ್ಕೆ ಎದ್ದಳು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 289 ನಿಮಿಷ ಅದರಲ್ಲಿ ಕಳೆಯುತ್ತಾರೆ, ಗಂಡಸರು 88 ನಿಮಿಷ. ಆಕೆಗೆ ಧ್ಯಾನ ಮಾಡಮ್ಮ, ನಿದ್ರೆ ಬರುತ್ತದೆ ಎಂದು ಉಪದೇಶಿಸುವ ಮುನ್ನ ಗಂಡನಾದವನು ಎದ್ದು ಪಾತ್ರೆ ತೊಳೆಯಲಿ.

ಇನ್ನು ರಾತ್ರಿ ಪಾಳಿಯವರ ಸಂಜೆ ಬರುವುದು ಬೆಳಗಿನ 6 ಗಂಟೆಗೆ. ಸೊಸೆ ಕ್ಯಾಬ್ ಇಳಿದು ಮನೆಗೆ ಬರುತ್ತಾಳೆ; ಅದೇ ಹೊತ್ತಿಗೆ ಮಿಕ್ಸಿ ತಿರುಗುತ್ತದೆ, ಕುಕ್ಕರ್ ಕೂಗುತ್ತದೆ. ಮಲಗಿದರೆ ಹಗಲೆಲ್ಲ ಮಲಗುವ ಸೊಸೆ ಎಂದು ಪಕ್ಕದ ಮನೆಯವರ ಮಾತು ಬೇರೆ. ಅತ್ತೆಯಾದವರೇ, ಅವಳಿಗೆ ಆಗ ರಾತ್ರಿ. ಕಿಟಕಿಗೆ ದಪ್ಪ ಪರದೆ ಎಳೆಯಿರಿ, ರುಬ್ಬುವುದನ್ನು ಮುನ್ನಾದಿನವೇ ಮುಗಿಸಿಕೊಳ್ಳಿ, ಕರೆಗಂಟೆ ಒತ್ತುವವರಿಗೆ ನೀವೇ ಅಡ್ಡ ನಿಲ್ಲಿ. ದೇಹದ ಗಡಿಯಾರಕ್ಕೆ ವಿರುದ್ಧವಾದ ಈ ದುಡಿಮೆ ಹಗುರವಾದುದಲ್ಲ. ರಾತ್ರಿ ಪಾಳಿಯ ಕೆಲಸ ಬಹುಶಃ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ಹೇಳಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅದನ್ನೇ ಹೇಳಿತು. ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ತಡೆಯುತ್ತವೆ. ಅದನ್ನು ನಮ್ಮ ಉತ್ಸವ, ಆರಾಧನೆಗಳೂ ಎಷ್ಟೋ ಸಲ ಮೀರುತ್ತವೆ ಎಂಬುದನ್ನು ಇಲ್ಲಿ ಮುಚ್ಚಿಡುವುದು ಬೇಡ. ಹಗಲು ಮಲಗಬೇಕಾದವನಿಗಂತೂ ಆ ತಡೆಯೂ ಒದಗುವುದಿಲ್ಲ; ಅವನಿಗೆ ಮನೆಯವರ ಕರುಣೆಯೇ ಕಾನೂನು.

ದುಡಿಮೆಯೇ ದೊಡ್ಡದು, ನಿದ್ರೆ ಸೋಮಾರಿಯ ಸೊತ್ತು ಎಂದು ಕಾಯಕ ತತ್ತ್ವದ ಹೆಸರು ಹೇಳಿ ವಾದಿಸುವವರುಂಟು. ಕಾಯಕ ಎಂಬ ಶಬ್ದ ಹುಟ್ಟಿದ್ದೇ ಕಾಯದಿಂದ. ಕಾಯವನ್ನು ಸವೆಸಿ ಬಿಸಾಡುವುದು ಕಾಯಕ ಹೇಗಾದೀತು? ಸಂಬಳ ಕೊಡುವ ಕಂಪನಿಗಳೂ ರಾತ್ರಿ 9ರ ಮೀಟಿಂಗನ್ನು ವಾರದಲ್ಲಿ ಎರಡು ದಿನಕ್ಕೆ ಕಟ್ಟಿಹಾಕಬಹುದು, ಸಾಗರದಾಚೆಯವರನ್ನು ಒಮ್ಮೊಮ್ಮೆಯಾದರೂ ಬೇಗ ಏಳಿಸಬಹುದು. ಯಾವಾಗಲೂ ಹೂಡಿಯೇ ಏಕೆ ಎಚ್ಚರವಿರಬೇಕು?

ಇಲ್ಲಿ ನಮಗಾಗಿ ಎಚ್ಚರವಿರುವ ಇನ್ನೊಬ್ಬನಿದ್ದಾನೆ. ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತವನು. ಅಂಥ ಅನೇಕರದು 12 ಗಂಟೆಯ ಪಾಳಿ, ಬೆಳಿಗ್ಗೆ ಮಲಗುವುದು ತಗಡಿನ ಶೆಡ್ಡಿನ ಬಿಸಿಲಿನಲ್ಲಿ. ಅಪಾರ್ಟ್‌ಮೆಂಟ್ ಸಂಘದ ಮುಂದಿನ ಸಭೆಯಲ್ಲಿ ಈಜುಕೊಳದ ದುರಸ್ತಿಯ ಚರ್ಚೆ ಮುಗಿದ ಮೇಲೆ ಯಾರಾದರೊಬ್ಬರು ಎದ್ದು ಈ ಪ್ರಶ್ನೆಯನ್ನು ಕೇಳಲಿ: ನಮ್ಮ ರಾತ್ರಿ ಕಾವಲಿನವನು ಹಗಲು ಎಲ್ಲಿ ಮಲಗುತ್ತಾನೆ? ಕೆಳಮಹಡಿಯಲ್ಲಿ ಖಾಲಿ ಬಿದ್ದಿರುವ ಕೋಣೆಗೆ ಒಂದು ಫ್ಯಾನು, ಒಂದು ಚಾಪೆ, ಒಳಗಿನಿಂದ ಹಾಕಿಕೊಳ್ಳಲು ಒಂದು ಅಗುಳಿ, ಇವಕ್ಕೆ ಎಷ್ಟು ಖರ್ಚಾಗುತ್ತದೆ?